ಎಂಆರ್‌ಪಿ ಒಂದೇ ನೋಡಿದರೆ ಸಾಲದು

ವಾರಕ್ಕೆ ಎರಡು ಸಲ ಅಮರಗೋಳದ ಎಪಿಎಂಸಿಗೆ ಹೋಗಿ ಉಳ್ಳಾಗಡ್ಡಿ ಕ್ವಿಂಟಲ್‌ಗೆ ಎಷ್ಟಾಯಿತು, ಕಡಲೆ ಎಷ್ಟಾಯಿತು, ಒಣ ಮೆಣಸಿನಕಾಯಿ ಏರಿತೋ ಇಳಿಯಿತೋ ಎಂದು ಬರೆದು ಪತ್ರಿಕೆಗೆ ಕಳಿಸುವುದು ನನ್ನ ಕೆಲಸ. ಅದೇ ದಿನ ಸಂಜೆ ರಾಯಾಪುರದ ನಮ್ಮ ಓಣಿಯ ಅಂಗಡಿಯಲ್ಲಿ ಪಾವ್ ಕೆಜಿ ತೊಗರಿ ಬೇಳೆ, ಅರ್ಧ ಲೀಟರ್ ಎಣ್ಣೆ ಕೊಳ್ಳುವುದೂ ನಾನೇ. ಎಪಿಎಂಸಿ ನಮ್ಮೂರಿಗೆ ದೂರವೇನಲ್ಲ, ಹುಬ್ಬಳ್ಳಿ ಕಡೆ ಬಸ್ ಹತ್ತಿದರೆ ನವನಗರ ದಾಟಿದ ಮೇಲೆ ಸಿಗುತ್ತದೆ. ಊರೆಲ್ಲರಿಗೂ ರೇಟು ಹೇಳುವ ನನಗೆ ನಮ್ಮ ಮನೆಯ ಬೇಳೆ ಕೆಜಿಗೆ ಎಷ್ಟು ಬೀಳುತ್ತದೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ.

ಕೇಳಿದವನು ನನ್ನ ಚಿಕ್ಕಪ್ಪನ ಮಗ. ಓದಲಿಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದಾನೆ. ಒಂದು ಶನಿವಾರ ಅಂಗಡಿಯೊಳಗಿಂದಲೇ ವಿಡಿಯೋ ಕಾಲ್ ಮಾಡಿದ. ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಗಾಗಿ ಶನಿವಾರವೇ ಸಂತೆ. ಕೈಯಲ್ಲಿ ಮನೆಯಿಂದ ತಂದ ಚೀಲ, ಅದರ ತುಂಬ ಖಾಲಿ ಪ್ಲಾಸ್ಟಿಕ್ ಬಾಟಲಿ. ಒಂದೊಂದಕ್ಕೆ 25 ಸೆಂಟ್ ಠೇವಣಿ, ಮಷೀನಿಗೆ ಹಾಕಿದರೆ ವಾಪಸ್ ಬರುತ್ತದೆ. ನಮ್ಮಲ್ಲಿಯೂ ಗೋಲಿ ಸೋಡಾದ ಬಾಟಲಿ ತಿರುಗಿ ಕೊಡದಿದ್ದರೆ ಅಂಗಡಿಯವ ಬಿಡುತ್ತಿರಲಿಲ್ಲ ಎಂದು ನಾನು ನಕ್ಕೆ. ಆಮೇಲೆ ಅವನು ಕ್ಯಾಮೆರಾವನ್ನು ಕಪಾಟಿನ ಹತ್ತಿರ ಹಿಡಿದ.

‘ಅಕ್ಕಾ, ಇಲ್ ನೋಡು. ದೊಡ್ಡ ಅಕ್ಷರದಾಗ ಇರೂದು ಪ್ಯಾಕೆಟ್ ರೇಟು. ಕೆಳಗ ಸಣ್ಣ ಅಕ್ಷರದಾಗ ಇರೂದು ಕೆಜಿ ರೇಟು. ನಾ ಸಣ್ಣದಷ್ಟ ನೋಡ್ತೀನಿ. ನಮ್ ಮನ್ಯಾಗ ಬ್ಯಾಳಿ ಕೆಜಿಗೆ ಎಷ್ಟ್ ಬೀಳತೈತಿ?’

ಅಲ್ಲಿ ಅದು ಅಂಗಡಿಯವನ ಉಪಕಾರವಲ್ಲ, ಕಾಯಿದೆ. ಪ್ಯಾಕೆಟ್ 200 ಗ್ರಾಂ ಇರಲಿ, 750 ಗ್ರಾಂ ಇರಲಿ, ಕೆಜಿಗೆ ಅಥವಾ ಲೀಟರ್‌ಗೆ ಎಷ್ಟು ಬೀಳುತ್ತದೆ ಎಂಬುದನ್ನು ಬೆಲೆಯ ಜೊತೆ ತೋರಿಸಬೇಕು. ಮೊದಲು ಸಣ್ಣ ಪ್ಯಾಕೆಟ್‌ಗಳಿಗೆ 100 ಗ್ರಾಂ ಲೆಕ್ಕದಲ್ಲಿ ಹಾಕಲು ಅವಕಾಶವಿತ್ತು. ಜನ ಗೊಂದಲಕ್ಕೆ ಬೀಳುತ್ತಾರೆಂದು 2022ರ ಮೇ ತಿಂಗಳಿಂದ ಅದನ್ನೂ ತೆಗೆದು ಎಲ್ಲದಕ್ಕೂ ಕೆಜಿ, ಲೀಟರ್ ಎಂದು ಮಾಡಿದರು.

ನಮ್ಮಲ್ಲೂ ಇಂಥ ನಿಯಮ ಇದೆ, ಗೊತ್ತೇ? ನನಗೂ ಗೊತ್ತಿರಲಿಲ್ಲ. ಪ್ಯಾಕೆಟ್ ಸಾಮಾನುಗಳ ನಿಯಮಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ತಿದ್ದುಪಡಿ ತಂದು, ಎಂಆರ್‌ಪಿಯ ಜೊತೆ ‘ಯೂನಿಟ್ ಸೇಲ್ ಪ್ರೈಸ್’ ಕೂಡ ಹಾಕಬೇಕೆಂದಿತು. ಈಗ ಮನೆಯಲ್ಲಿರುವ ಯಾವುದಾದರೂ ಪ್ಯಾಕೆಟ್ ತಿರುಗಿಸಿ ನೋಡಿ. ಎಂಆರ್‌ಪಿಯ ಆಸುಪಾಸಿನಲ್ಲಿ ‘ಯುಎಸ್‌ಪಿ’ ಎಂದೋ, ‘0.42 ಪ್ರತಿ ಗ್ರಾಂ’ ಎಂದೋ ಇರುತ್ತದೆ. ನಮ್ಮ ಅತ್ತಿಯವರಿಗೆ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, ‘ಇದೇನ್ ಬಿಡವಾ, ಸೊನ್ನಿ ಚುಕ್ಕಿ! ಇದ್ನ ಓದಾಕ ಬ್ಯಾಂಕಿನ್ಯಾವ್ರ ಬರಬೇಕು’ ಅಂದರು.

ತಪ್ಪು ಅವರದಲ್ಲ. ನಮ್ಮ ನಿಯಮದ ಪ್ರಕಾರ ಒಂದು ಕೆಜಿಗಿಂತ ಕಡಿಮೆ ಇರುವ ಪ್ಯಾಕೆಟ್‌ಗೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕೆಜಿ ಲೆಕ್ಕ. ಸಣ್ಣ ಪ್ಯಾಕೆಟ್ ಕೊಳ್ಳುವವರು ಯಾರು? ದಿನಗೂಲಿಯವರು. ಅಂದರೆ ಯಾರಿಗೆ ಈ ಲೆಕ್ಕ ಹೆಚ್ಚು ಬೇಕೋ ಅವರಿಗೇ ಅದು ಪೈಸೆಯ ಚೂರುಗಳಲ್ಲಿ ಸಿಗುತ್ತದೆ. ಗ್ರಾಂ ಲೆಕ್ಕದಲ್ಲಿ ಬೇಳೆ ಕೊಳ್ಳುವವರು ಯಾರೂ ಇಲ್ಲ. ಜರ್ಮನಿಯವರ ಹಾಗೆ ಎಲ್ಲ ಪ್ಯಾಕೆಟ್ ಮೇಲೆಯೂ ಕೆಜಿ ರೇಟು, ಅದೂ ಎಂಆರ್‌ಪಿಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. ನನ್ನ ಮಟ್ಟಿಗೆ ನೂರು ಜಾಗೃತಿ ಶಿಬಿರಕ್ಕಿಂತ ಇದೊಂದು ಸಾಲು ಹೆಚ್ಚು.

ಅಲ್ಲಿಯವರೆಗೆ ಒಂದು ಸುಲಭ ದಾರಿ. ಚುಕ್ಕಿಯನ್ನು ಮೂರು ಮನೆ ಬಲಕ್ಕೆ ಸರಿಸಿ. 0.42 ಇದ್ದರೆ ಕೆಜಿಗೆ 420 ರೂಪಾಯಿ. 0.16 ಇದ್ದರೆ ಲೀಟರ್‌ಗೆ 160. ನಮ್ಮ ಅತ್ತಿ ಎರಡೇ ದಿನದಲ್ಲಿ ಕಲಿತರು.

ಎಣ್ಣೆಯ ವಿಷಯದಲ್ಲಿ ಇದು ತುಂಬ ಉಪಯೋಗಕ್ಕೆ ಬರುತ್ತದೆ. ಮೊದಲು ಎಣ್ಣೆ, ಹಿಟ್ಟು, ಬಿಸ್ಕೀಟಿನಂಥ ಸಾಮಾನುಗಳನ್ನು ಇಂತಿಷ್ಟೇ ತೂಕದ ಪ್ಯಾಕೆಟ್‌ನಲ್ಲಿ ಮಾರಬೇಕೆಂಬ ನಿಯಮವಿತ್ತು. ಅದೇ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಈಗ ಪೌಚು ನೋಡಿದರೆ ಒಂದು ಲೀಟರ್, ಓದಿದರೆ 850 ಮಿಲಿ. ಉದಾಹರಣೆಗೆ, 850 ಮಿಲಿಯ ಪೌಚು 136 ರೂಪಾಯಿ, ಪಕ್ಕದಲ್ಲಿ ನಿಜವಾದ ಒಂದು ಲೀಟರ್ 152 ರೂಪಾಯಿ ಎಂದುಕೊಳ್ಳಿ. ಕೈ ಹೋಗುವುದು 136ರ ಕಡೆಗೆ. ಲೀಟರ್ ಲೆಕ್ಕ ಹಾಕಿದರೆ ಅದು 160 ಬೀಳುತ್ತದೆ. ಇನ್ನೊಂದು ಗಮನಿಸಿ: ಒಂದು ಲೀಟರ್ ಅಡುಗೆ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ ಅಷ್ಟೇ. ಹಾಗಾಗಿ ಕೆಜಿ ಡಬ್ಬಿಯನ್ನೂ ಲೀಟರ್ ಪೌಚನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಬಾರದು.

ಇಂಥ ಚಮತ್ಕಾರ ನಮ್ಮಲ್ಲಷ್ಟೇ ಅಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಗ್ರಾಹಕ ಕೇಂದ್ರ ಪ್ರತಿ ವರ್ಷ ‘ವರ್ಷದ ಮೋಸದ ಪ್ಯಾಕೆಟ್’ ಆರಿಸುತ್ತದೆ. ಬೆಲೆ ಹಾಗೇ ಇಟ್ಟು ಒಳಗಿನ ಮಾಲು ಇಳಿಸಿದ ಕಂಪನಿಯ ಹೆಸರು ಜನರೇ ವೋಟು ಹಾಕಿ ಹೊರಗೆ ತರುತ್ತಾರೆ. ನಮ್ಮಲ್ಲಿ ಅಂಥದ್ದೊಂದು ನಡೆದರೆ ವರದಿ ಮಾಡಲು ನಾನು ಮೊದಲು ಹೋಗುತ್ತೇನೆ.

ಆದರೆ ‘ದೊಡ್ಡದು ಕೊಂಡರೆ ಅಗ್ಗ’ ಎನ್ನುವುದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಶಾಂಪೂ ಲೆಕ್ಕ ಹಾಕಿ ನಾನೇ ಬೆಚ್ಚಿದೆ. ಎಷ್ಟೋ ಬ್ರ್ಯಾಂಡುಗಳಲ್ಲಿ ಒಂದೆರಡು ರೂಪಾಯಿಯ ಸ್ಯಾಶೆಯೇ ಬಾಟಲಿಗಿಂತ ಅಗ್ಗ ಬೀಳುತ್ತದೆ. 10 ಮಿಲಿ, 10 ಗ್ರಾಂ ಒಳಗಿನ ಪ್ಯಾಕೆಟ್‌ಗೆ ಈ ಯೂನಿಟ್ ರೇಟು ಹಾಕಲೇಬೇಕೆಂದಿಲ್ಲ, ಹಾಗಾಗಿ ಇದು ಕಾಣುವುದಿಲ್ಲ. ಬಾಟಲಿ ತಂದು ಬೀಗುತ್ತಿದ್ದ ನಾನು ಈಗ ಸ್ಯಾಶೆ ಸರ ತೂಗುಹಾಕಿದ್ದೇನೆ. (ಪ್ಲಾಸ್ಟಿಕ್ ಕಸದ ಮಾತು ಬೇರೆ, ಅದರ ಬಗ್ಗೆ ಇನ್ನೊಮ್ಮೆ ಜಗಳ ಆಡೋಣ.)

2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ, ಬಿಸ್ಕೀಟಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದಿದೆ. 118 ರೂಪಾಯಿ ಇದ್ದದ್ದು 105 ಆಗಬೇಕು. ಐದು, ಹತ್ತು ರೂಪಾಯಿಯ ಪ್ಯಾಕೆಟ್‌ನಲ್ಲಿ ಬೆಲೆ ಬದಲಿಸದೆ ತೂಕ ಹೆಚ್ಚಿಸುತ್ತೇವೆ ಎಂದು ಕಂಪನಿಗಳು ಹೇಳಿದ್ದವು. ಹೆಚ್ಚಿಸಿದರೋ ಇಲ್ಲವೋ ತಿಳಿಯಲು ಗ್ರಾಂ ಓದುವುದೊಂದೇ ದಾರಿ.

ಎಂಆರ್‌ಪಿ ಎಂದರೆ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದರ್ಥ, ಅಷ್ಟಕ್ಕೇ ಮಾರಬೇಕು ಎಂದಲ್ಲ. ಹಾಲಿನ ಪ್ಯಾಕೆಟ್‌ಗೆ, ತಂಪು ನೀರಿನ ಬಾಟಲಿಗೆ ‘ಫ್ರಿಜ್ ಚಾರ್ಜು’ ಎಂದು ಒಂದೆರಡು ರೂಪಾಯಿ ಮೇಲೆ ಕೇಳುವುದು ಕಾನೂನುಬಾಹಿರ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆದರೂ ನಾನು ಮೊದಲು ಅಂಗಡಿಯವರೊಂದಿಗೇ ಮಾತಾಡುತ್ತೇನೆ, ಯಾಕೆಂದರೆ ರಾತ್ರಿ ಒಂಬತ್ತಕ್ಕೆ ಮಗುವಿಗೆ ಜ್ವರ ಬಂದಾಗ ಬಾಗಿಲು ತೆಗೆದು ಬ್ರೆಡ್ಡು ಕೊಡುವವರು ಅವರೇ.

ಫೋನ್ ಅಂದರೆ ನೆನಪಾಯಿತು. ರೀಚಾರ್ಜ್ 28 ದಿನಕ್ಕೆ. ತಿಂಗಳಿಗೊಂದು ಎಂದು ನಾವು ಅಂದುಕೊಳ್ಳುತ್ತೇವೆ, ವರ್ಷಕ್ಕೆ 13 ಆಗುತ್ತದೆ. 200 ರೂಪಾಯಿಯ ಪ್ಯಾಕ್ ಹಾಕುವ ಮೂರು ಫೋನಿನ ಮನೆಯಲ್ಲಿ ಆ ಹದಿಮೂರನೆಯದ್ದೇ 600 ರೂಪಾಯಿ. ಪ್ರತಿ ಕಂಪನಿ ಕನಿಷ್ಠ ಒಂದು 30 ದಿನದ ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕುವ ಒಂದು ಪ್ಯಾಕ್ ಇಡಬೇಕೆಂದು ಟ್ರಾಯ್ 2022ರಲ್ಲೇ ಆದೇಶಿಸಿದೆ. ಬಟನ್ ಫೋನ್ ಇರುವ ಹಿರಿಯರಿಗೆ ಡೇಟಾ ಯಾಕೆ? ಬರೀ ಮಾತು, ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಮಾಡಿದೆ. ಜಾಹೀರಾತಿನಲ್ಲಿ ಇವು ಕಾಣುವುದು ಅಪರೂಪ, ಹೆಸರು ಹಿಡಿದು ಕೇಳಬೇಕು. ಅತ್ತಿಯವರ ಫೋನಿಗೆ ವರ್ಷಗಟ್ಟಲೆ ಇಂಟರ್‌ನೆಟ್ ಹಾಕಿಸಿದ್ದೆ. ಅವರು ಅದರಲ್ಲಿ ಮಾಡಿದ್ದು ತವರಿಗೆ ಫೋನ್ ಮಾತ್ರ.

ಈಗ ಮುಖ್ಯ ಮಾತು. ಇದನ್ನೆಲ್ಲ ಉತ್ಸಾಹದಿಂದ ಓಣಿಯ ಕಟ್ಟೆಯ ಮೇಲೆ ಹೇಳಿದಾಗ ಎದುರು ಮನೆಯ ಅಕ್ಕ ಒಬ್ಬರು ಸುಮ್ಮನೆ ಕೇಳಿಸಿಕೊಂಡು, ‘ನಮಗೂ ಗೊತ್ತೈತಿ ತಂಗಿ, ಪಾವ್ ಕೆಜಿ ತುಟ್ಟಿ ಬೀಳತೈತಿ ಅಂತ. ಕೈಯಾಗ ರೊಕ್ಕ ಇದ್ರ ಐದ್ ಕೆಜಿ ತರ್ತಿದ್ದಿಲ್ಲೇನು?’ ಅಂದರು. ನನಗೆ ಮಾತು ಹೊರಡಲಿಲ್ಲ. ಉಳಿತಾಯದ ಪಾಠ ಹೇಳುವವರೆಲ್ಲ ಇಲ್ಲಿ ಎಡವುತ್ತೇವೆ. ಬಡವರಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳುತ್ತೇವೆ. ಅವರಿಗೆ ಲೆಕ್ಕ ಬರುತ್ತದೆ, ಬಾರದೇ ಇರುವುದು ಒಂದೇ ಸಲಕ್ಕೆ ಬೇಕಾದ ಗಂಟು. ಅಂಗಡಿಯ ಉದ್ರಿ ಪುಸ್ತಕದಲ್ಲಿ ಹೆಸರು ಇದ್ದವರು ಬೇರೆ ಅಂಗಡಿಯಲ್ಲಿ ನಗದು ಕೊಟ್ಟು ಕೊಂಡರೆ ಈ ಅಂಗಡಿಯವ ಸುಮ್ಮನಿರುತ್ತಾನೆಯೇ? ಅವನದೂ ತಪ್ಪೆನ್ನಲಾರೆ. ಉದ್ರಿಗೆ ಬಡ್ಡಿ ಬರೆಯದೇ ಇದ್ದರೂ ಅದು ಬೇಳೆಯ ರೇಟಿನೊಳಗೆ ಕೂತಿರುತ್ತದೆ, ಅವನೂ ಬದುಕಬೇಕು.

ಹಾಗಾಗಿ ಆ ಅಕ್ಕನನ್ನೂ ಸೇರಿಸಿಕೊಂಡು ಐದು ಮನೆಯವರು ಒಂದು ಪ್ರಯೋಗ ಮಾಡಿದೆವು. ಗೃಹಲಕ್ಷ್ಮಿ ದುಡ್ಡು ಖಾತೆಗೆ ಬಂದ ತಿಂಗಳು, ಬಂದವರು ಒಂದಿಷ್ಟು ಹಾಕಿದರು. ಎರಡು ಮನೆಯವರಿಗೆ ಬಂದಿರಲಿಲ್ಲ, ಅವರ ಪಾಲನ್ನು ಮಹಿಳಾ ಸಂಘದ ಉಳಿತಾಯದಿಂದ ಸಾಲವಾಗಿ ಬರೆದುಕೊಂಡೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚಿಲ್ಲ. ಮೊದಲಾಗಿದ್ದರೆ ಕೆಜಿಯಲ್ಲಿ ಉಳಿದದ್ದು ಬಸ್ಸಿಗೇ ಹೋಗುತ್ತಿತ್ತು. ಎಪಿಎಂಸಿ ಹತ್ತಿರದ ಒಂದು ಅಂಗಡಿಯಲ್ಲಿ ತೊಗರಿ ಬೇಳೆ 25 ಕೆಜಿ ಚೀಲ ತೆಗೆದುಕೊಂಡೆವು. ಇಬ್ಬರು ಹಿಡಿದು ಬಸ್ಸು ಹತ್ತಿಸುವಾಗ ಕಂಡಕ್ಟರ್ ಮುಖ ನೋಡಬೇಕಿತ್ತು. ಮನೆಗೆ ತಂದು ಐದು ಐದು ಕೆಜಿ ಹಂಚಿದಾಗ ಓಣಿಯ ರೇಟಿಗಿಂತ ಕೆಜಿಗೆ 14 ರೂಪಾಯಿ ಉಳಿದಿತ್ತು. ಮನೆಗೆ 70 ರೂಪಾಯಿ. ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಎದುರು ಮನೆಯ ಅಕ್ಕ ಅದರಲ್ಲಿ ಮಗಳಿಗೆ ಎರಡು ನೋಟ್‌ಬುಕ್ ತಂದರು.

ಗೊಣಗಾಟವೂ ಇತ್ತು. ಒಬ್ಬರಿಗೆ ಬೇಳೆ ಬೇಗ ಬೇಯುವುದಿಲ್ಲ ಎಂಬ ತಕರಾರು, ಇನ್ನೊಬ್ಬರಿಗೆ ತಕ್ಕಡಿಯ ಮೇಲೆ ಅನುಮಾನ. ನಮ್ಮ ಅಂಗಡಿಯವರು ಎರಡು ದಿನ ನನ್ನ ಜೊತೆ ಬಿಗಿಯಾಗಿಯೇ ಇದ್ದರು. ಮೂರನೆಯ ದಿನ, ‘ಹತ್ ಮನಿಯವ್ರು ಕೂಡಿ ನಗದು ಕೊಡ್ತೀರಂದ್ರ ನಾನ ತರಿಸಿ ಕೊಡ್ತೀನಲ್ರೀ, ಎಪಿಎಂಸಿ ತನಕ ಯಾಕ ಹೊಕ್ಕೀರಿ’ ಅಂದರು. ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ್ದೇವೆ, ಇನ್ನೂ ರೇಟು ಹೇಳಿಲ್ಲ.

ಮುಂದಿನ ತಿಂಗಳು 15 ಕೆಜಿಯ ಶೇಂಗಾ ಎಣ್ಣೆ ಡಬ್ಬಿ ತರುವ ಮಾತು ನಡೆದಿದೆ. ಒಡೆದ ಡಬ್ಬಿಯನ್ನು ಯಾರ ಮನೆಯಲ್ಲಿ ಇಡುವುದು ಎನ್ನುವುದು ಮಾತ್ರ ಬಗೆಹರಿದಿಲ್ಲ.