ಒಂಟಿ ಪದದ ತೂಕ

ಒಂದು ಗ್ರಂಥದಲ್ಲಿ ಒಂದು ಪದ ಒಂದೇ ಒಂದು ಸಲ ಬಂದಿದ್ದರೆ ಅದರ ಅರ್ಥವನ್ನು ತಿಳಿಯುವುದು ಹೇಗೆ? ಹಲವು ಕಡೆ ಬಂದ ಪದವಾದರೆ ಆ ಕಡೆಗಳನ್ನೆಲ್ಲ ಹೋಲಿಸಿ ನೋಡಬಹುದು. ಒಂಟಿ ಪದಕ್ಕೆ ಅಂತಹ ಸಾಕ್ಷಿಗಳಿಲ್ಲ. ಹೀಬ್ರೂ ಬೈಬಲ್‌ನಲ್ಲಿ ಇಂತಹ ಪದಗಳು ನೂರಾರಿವೆ. ‘ಪಿಮ್’ ಅವುಗಳಲ್ಲೊಂದು.

ಈ ಪದವಿರುವುದು ಒಂದನೆಯ ಸಮುವೇಲ ಗ್ರಂಥದ 13ನೇ ಅಧ್ಯಾಯದ 21ನೇ ವಚನದಲ್ಲಿ. ಅಲ್ಲಿ ಸೌಲ ಎಂದು ಕರೆಯಲ್ಪಡುವ ದೊರೆ ಕುರ್‌ಆನಿನ ಓದುಗರಿಗೆ ತಾಲೂತ್ ಎಂಬ ಹೆಸರಿನಿಂದ ಪರಿಚಿತ. ಆಗ ಇಸ್ರಾಈಲರ ಮೇಲೆ ಫಿಲಿಷ್ಟಿಯರ ಹಿಡಿತವಿತ್ತು. ಇವರು ಕತ್ತಿ, ಭರ್ಜಿಗಳನ್ನು ಮಾಡಿಕೊಂಡಾರೆಂಬ ಭಯದಿಂದ ನಾಡಿನಲ್ಲಿ ಒಬ್ಬ ಕಮ್ಮಾರನೂ ಇಲ್ಲದಂತೆ ಅವರು ನೋಡಿಕೊಂಡಿದ್ದರು. ನೇಗಿಲ ಗುಳ, ಗುದ್ದಲಿ, ಕೊಡಲಿಗಳನ್ನು ಹರಿತ ಮಾಡಿಸಲು ಜನರು ಶತ್ರುಗಳ ಬಳಿಗೇ ಹೋಗಬೇಕಿತ್ತು. ಇಷ್ಟು ಹೇಳಿದ ಬಳಿಕ ‘ಪಿಮ್’ ಬರುತ್ತದೆ.

1611ರ ಪ್ರಸಿದ್ಧ ಇಂಗ್ಲಿಷ್ ಅನುವಾದದ ವಿದ್ವಾಂಸರಿಗೆ ಇದು ಒಗಟಾಯಿತು. ಹೀಬ್ರೂವಿನಲ್ಲಿ ‘ಪೆ’ ಎಂದರೆ ಬಾಯಿ. ಕತ್ತಿಯ ಅಲಗನ್ನೂ ಕತ್ತಿಯ ಬಾಯಿ ಎನ್ನುವುದುಂಟು. ‘ಪಿಮ್’ ಅದರ ಬಹುವಚನವಿರಬೇಕೆಂದುಕೊಂಡು, ಪಕ್ಕದ ಇನ್ನೊಂದು ಅಪರೂಪದ ಪದದೊಂದಿಗೆ ಸೇರಿಸಿ, ಕಬ್ಬಿಣ ಉಜ್ಜುವ ‘ಅರ’ ಎಂದು ಅನುವಾದಿಸಿದರು. ಹೀಗೆ, ಆ ಜನರ ಬಳಿ ಸಲಕರಣೆ ಉಜ್ಜಿಕೊಳ್ಳಲು ಅರವಾದರೂ ಇತ್ತು ಎಂಬ ಅರ್ಥ ಬಂತು.

ಉತ್ತರ ಸಿಕ್ಕಿದ್ದು ಮಣ್ಣಿನಡಿಯಲ್ಲಿ. ಫೆಲೆಸ್ತೀನಿನ ಪ್ರಾಚೀನ ನೆಲೆಗಳಲ್ಲಿ ಸಣ್ಣ ಸಣ್ಣ ತೂಕದ ಕಲ್ಲುಗಳು ದೊರೆತವು. ಕೆಲವುಗಳ ಮೇಲೆ ಹಳೆಯ ಹೀಬ್ರೂ ಲಿಪಿಯಲ್ಲಿ ‘ಪಿಮ್’ ಎಂದು ಕೆತ್ತಲಾಗಿತ್ತು. ತೂಗಿ ನೋಡಿದರೆ ಒಂದೊಂದೂ ಏಳೂವರೆ ಗ್ರಾಮಿನ ಆಸುಪಾಸು, ಅಂದರೆ ಸುಮಾರು 11 ಗ್ರಾಮಿನ ಶೆಕೆಲ್‌ನ ಮೂರರಲ್ಲಿ ಎರಡು ಪಾಲು! ನಾಣ್ಯಗಳಿಲ್ಲದ ಆ ಕಾಲದಲ್ಲಿ ಬೆಳ್ಳಿಯನ್ನು ತೂಗಿ ಕೊಡುತ್ತಿದ್ದರು. ಪಿಮ್ ಎಂಬುದು ಅರವಾಗಿರಲಿಲ್ಲ. ಅದು ಹರಿತ ಮಾಡಿಸಲು ತೆರಬೇಕಿದ್ದ ಬೆಲೆಯಾಗಿತ್ತು. 1952ರ ಪರಿಷ್ಕೃತ ಇಂಗ್ಲಿಷ್ ಅನುವಾದ ಇದೇ ಅರ್ಥವನ್ನು ಕೊಟ್ಟಿತು.

ಇಷ್ಟು ಚಿಕ್ಕ ಪದದಿಂದ ಏನು ವ್ಯತ್ಯಾಸವಾಯಿತು ಎಂದು ಕೇಳಬಹುದು. ‘ಅರ’ ಎಂದು ಓದಿದಾಗ ಬಡ ರೈತನಿಗೆ ಒಂದು ಆಸರೆ ಇತ್ತು. ‘ಬೆಲೆ’ ಎಂದು ಓದಿದಾಗ, ತನ್ನ ಹೊಲವನ್ನು ಉಳಲು ಅವನು ಶತ್ರುವಿಗೆ ಬೆಳ್ಳಿ ತೂಗಿ ಕೊಡಬೇಕಾಗಿತ್ತು. ಒಂದು ಪದ ತಪ್ಪಿದ್ದರಿಂದ ಒಂದು ಶೋಷಣೆಯೇ ಓದುಗರ ಕಣ್ಣಿಗೆ ಬೀಳದೆ ಹೋಗಿತ್ತು. ಯುದ್ಧದ ದಿನ ಸೌಲ ಮತ್ತು ಅವನ ಮಗ ಯೋನಾತಾನನ ಹೊರತು ಬೇರಾರ ಕೈಯಲ್ಲೂ ಕತ್ತಿ, ಭರ್ಜಿಗಳಿರಲಿಲ್ಲ ಎನ್ನುವ ಮುಂದಿನ ವಚನದ ನೋವೂ ಈಗ ಚೆನ್ನಾಗಿ ಅರ್ಥವಾಗುತ್ತದೆ.

ಒಂಟಿ ಪದಗಳ ಅರ್ಥವನ್ನು ಜನಬಳಕೆಯಲ್ಲಿ ಹುಡುಕಬೇಕೆಂಬ ಅರಿವು ಹೊಸದೇನಲ್ಲ. ಈಜಿಪ್ಟಿನಲ್ಲಿ ಹುಟ್ಟಿ, ಅಬ್ಬಾಸಿಯರ ಕಾಲದ ಬಗ್ದಾದಿನಲ್ಲಿ ಬಾಳಿದ ಯಹೂದಿ ವಿದ್ವಾಂಸ ಸಆದ್ಯಾ ಗಾಓನ್ (882-942) ಇಂತಹ ಅಪರೂಪದ ಪದಗಳ ಬಗ್ಗೆಯೇ ಅರಬಿ ಭಾಷೆಯಲ್ಲಿ ಒಂದು ಕೃತಿ ರಚಿಸಿದ್ದರು. ಬೈಬಲ್‌ನಲ್ಲಿ ಒಂಟಿಯಾಗಿರುವ ಪದವು ಮಿಶ್ನಾದ ಹೀಬ್ರೂವಿನಲ್ಲಿ ಹೇಗೆ ಬಳಕೆಯಾಗಿದೆ ಎಂದು ನೋಡಿ ಅವರು ಅರ್ಥ ಹೇಳುತ್ತಿದ್ದರು.

ಅರಿಯದ ಪದಕ್ಕೆ ನಮಗೆ ಗೊತ್ತಿರುವ ಅರ್ಥವನ್ನು ಹಚ್ಚುವುದು ಸುಲಭ. ಆದರೆ ಆ ಪದವನ್ನು ಆಡಿದವರು ಯಾರು, ಎಲ್ಲಿ, ಯಾವುದಕ್ಕಾಗಿ ಬಳಸುತ್ತಿದ್ದರು ಎಂದು ವಿಚಾರಿಸುವುದು ಒಳ್ಳೆಯದು. ‘ಪಿಮ್’ ಎಂಬ ಪದದ ಅರ್ಥ ಅಡಗಿದ್ದುದು ಪಂಡಿತರ ಕೋಶದಲ್ಲಲ್ಲ, ವ್ಯಾಪಾರಿಯ ತಕ್ಕಡಿಯಲ್ಲಿ.