ಆತ್ಮಸಾಕ್ಷಿಯ ಮತ ಮತ್ತು ನಮ್ಮ ಶಾಸಕರು

ಕೃಷ್ಣಾತೀರದ ಗೂಗಲ್ ಗ್ರಾಮದ ಮತದಾರನು ರಾಷ್ಟ್ರಪತಿಯನ್ನು ತಾನೇ ಆರಿಸುವುದಿಲ್ಲ. ಆತನ ಪರವಾಗಿ ದೇವದುರ್ಗದ ಶಾಸಕರೂ ರಾಯಚೂರಿನ ಲೋಕಸಭಾ ಸದಸ್ಯರೂ ಆ ಕಾರ್ಯವನ್ನು ನೆರವೇರಿಸುವರು. 1971ರ ಜನಗಣತಿಯನ್ನು ಆಧರಿಸಿ ಕರ್ನಾಟಕದ ಪ್ರತಿಯೊಬ್ಬ ಶಾಸಕರ ಮತಕ್ಕೆ 131ರ ಮೌಲ್ಯವನ್ನು ಕಟ್ಟಿರುವುದರಿಂದ, ಮಾನ್ವಿ, ದೇವದುರ್ಗಗಳೂ ಸೇರಿದಂತೆ ನಮ್ಮ ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳ ಒಟ್ಟು ಬಲವು 917 ಆಗುತ್ತದೆ. ನಮ್ಮ ತಲೆಯೆಣಿಕೆಯಿಂದ ತೂಕ ಪಡೆದ ಈ ಮತವನ್ನು ಪಕ್ಷವು ಬೆರಳು ತೋರಿದ ಅಭ್ಯರ್ಥಿಗೇ ಕೊಡಬೇಕೆ, ಇಲ್ಲವೆ ಶಾಸಕರು ಸ್ವವಿವೇಚನೆಯಿಂದ ಕೊಟ್ಟು ಫಲಿತಾಂಶವನ್ನೇ ಬದಲಿಸಬಹುದೆ?

ಬದಲಿಸಿದ್ದುಂಟು, ಮತ್ತು ಆ ಪ್ರಕರಣದ ನಾಂದಿಯು ಬೆಂಗಳೂರಿನಲ್ಲಿಯೇ ಆಯಿತು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದ ತರುವಾಯ, ಜುಲೈ ಮಾಸದಲ್ಲಿ ಬೆಂಗಳೂರಿನಲ್ಲಿ ನೆರೆದ ಕಾಂಗ್ರೆಸ್ ಸಂಸದೀಯ ಮಂಡಳಿಯು, ನಮ್ಮ ಎಸ್. ನಿಜಲಿಂಗಪ್ಪನವರು ಪಕ್ಷದ ಅಧ್ಯಕ್ಷರಾಗಿದ್ದಾಗ, ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ಆ ನಾಮಪತ್ರಕ್ಕೆ ಸಹಿ ಮಾಡಿದ ಪ್ರಧಾನಿಯವರೇ, ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡು ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಯಾಚಿಸಿದುದನ್ನು ನೆವಮಾಡಿ, ವಿಪ್ ಹೊರಡಿಸಲು ಒಪ್ಪದೆ, ಆತ್ಮಸಾಕ್ಷಿಯಂತೆ ಮತ ನೀಡಿರೆಂದು ಕರೆಯಿತ್ತರು. ಆಗಸ್ಟ್ 16ರಂದು ಮತದಾನವಾಗಿ, 20ರಂದು ಎಣಿಸಿದಾಗ, ಹಿಂದೆ ಮೈಸೂರು ರಾಜ್ಯಪಾಲರಾಗಿದ್ದ ಪಕ್ಷೇತರ ಅಭ್ಯರ್ಥಿ ವಿ.ವಿ. ಗಿರಿಯವರು ಮೊದಲ ಸುತ್ತಿನಲ್ಲಿ 4,01,515ರಲ್ಲಿಯೂ ರೆಡ್ಡಿಯವರು 3,13,548ರಲ್ಲಿಯೂ ನಿಂತರು. ಗೆಲುವಿಗೆ ಬೇಕಾದ ಪ್ರಮಾಣ ಇಬ್ಬರಿಗೂ ದೊರೆಯದೆ ಎರಡನೆಯ ಪ್ರಾಶಸ್ತ್ಯಗಳನ್ನು ಕೂಡಿಸಿದ ಮೇಲೆ, ಗಿರಿಯವರು 4,20,077 ಪಡೆದು 14,650ರ ಅಂತರದಿಂದ ರಾಷ್ಟ್ರಪತಿಗಳಾದರು. ಅದೇ ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು.

ಆ ಸಂದರ್ಭದ ಆತ್ಮಸಾಕ್ಷಿಯಲ್ಲಿ ಎಷ್ಟು ಪಾಲು ಆತ್ಮದ್ದು, ಎಷ್ಟು ಪಾಲು ಪ್ರಧಾನಿಯವರದ್ದು ಎಂಬ ಸಂದೇಹವು ನನ್ನನ್ನು ಬಿಟ್ಟಿಲ್ಲ. ಪಕ್ಷದ ಆಜ್ಞೆಯನ್ನು ಮುರಿದವರಲ್ಲಿ ಹಲವರು ಅದಕ್ಕಿಂತ ಬಲವಾದ ಮತ್ತೊಂದು ಇಚ್ಛೆಗೆ ತಲೆಬಾಗಿರಬಹುದು. ಆದರೂ ಆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಜನರು ಮೊದಲೇ ಮತವಿತ್ತು ನಿರ್ದಿಷ್ಟ ಅಭ್ಯರ್ಥಿಗೆಂದೇ ಕಳುಹಿಸಿದ ಪ್ರತಿನಿಧಿಗಳನ್ನು ರಾಜ್ಯಗಳು ಕಟ್ಟಿಹಾಕಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತುದು ನ್ಯಾಯವೇ. ನಮ್ಮ ಶಾಸಕರನ್ನಾದರೋ ನಾವು ರಸ್ತೆ, ಕಾಲುವೆ, ನೀರುಗಳಿಗಾಗಿ ಆರಿಸಿದೆವೇ ಹೊರತು ಇಂಥವರೇ ರಾಷ್ಟ್ರಪತಿಗಳಾಗಲೆಂದು ಹೇಳಿ ಕಳುಹಿಸಿಲ್ಲ. ಸಂವಿಧಾನದ 55ನೆಯ ವಿಧಿಯು ಗುಪ್ತಮತದಾನವನ್ನು ವಿಧಿಸಿದೆ. ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿಯು ಈ ಚುನಾವಣೆಗೆ ತಗಲುವುದಿಲ್ಲ. ಈ ರಕ್ಷಣೆಗಳು ಹಾಗೆಯೇ ಉಳಿಯಲಿ.

ಆದರೆ ಮತಪತ್ರದ ಮೇಲಿನ ಗುರುತು ಗುಪ್ತವೆಂದ ಮಾತ್ರಕ್ಕೆ ವಿಚಾರವೂ ಗುಪ್ತವಾಗಿರಬೇಕಾದುದಿಲ್ಲ. ಮುಂದಿನ ರಾಷ್ಟ್ರಪತಿ ಚುನಾವಣೆ ಬಂದಾಗ, ನಮ್ಮ ಜಿಲ್ಲೆಯ ಶಾಸಕರು ಬೆಂಗಳೂರಿಗೆ ಹೊರಡುವ ಮುನ್ನ, ಯಾವ ಅಭ್ಯರ್ಥಿಯಲ್ಲಿ ಯಾವ ಗುಣವನ್ನು ಕಂಡರೆಂದು ತಮ್ಮ ಕ್ಷೇತ್ರದ ಜನರೆದುರಿಗೆ ಹೇಳಲಿ. ಅವರು ತಾವಾಗಿ ಹೇಳದಿದ್ದರೆ, ಓದುಗರೇ, ನೀವು ಕೇಳಿರಿ.