ಅನೇಕಾಂತವಲ್ಲ, ಅನೈಕಾಂತಿಕ

ಚುನಾವಣೆಯಿಂದ ಚುನಾವಣೆಗೆ ನಿಲುವು ಬದಲಿಸುವವರನ್ನು ‘ಸತ್ಯಕ್ಕೆ ಹಲವು ಮುಖ’ ಎಂದು ಸಮರ್ಥಿಸುವವರುಂಟು. ಪೀಠಾಧಿಪತಿಗಳು ಭಟ್ಟಾಕಳಂಕರ ಹೆಸರನ್ನೇ ಧರಿಸುವ ಸೋಂದೆಯ ಸೀಮೆಯಲ್ಲಾದರೂ ಅನೇಕಾಂತದ ಈ ದುರ್ಬಳಕೆ ಸಲ್ಲದು.

ಸೋಂದೆಗೆ ನೆರೆಯ ಯಲ್ಲಾಪುರ ಕ್ಷೇತ್ರದ ನಿದರ್ಶನ ಎದುರಿಗಿದೆ. ಶಿವರಾಮ ಹೆಬ್ಬಾರರು 2018ರಲ್ಲಿ ಕಾಂಗ್ರೆಸ್ಸಿಗಾಗಿ, ಬಿಜೆಪಿಯ ವಿರುದ್ಧ ಮತ ಕೇಳಿ ಗೆದ್ದರು. 2019ರಲ್ಲಿ ರಾಜೀನಾಮೆಯಿತ್ತು ಅನರ್ಹಗೊಂಡರು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಅದೇ ಮತದಾರರ ಮುಂದೆ ಬಿಜೆಪಿಗಾಗಿ ಮತ ಕೇಳಿ ಗೆದ್ದು ಸಚಿವರಾದರು. 2023ರಲ್ಲಿ ಮತ್ತೆ ಬಿಜೆಪಿಯಿಂದಲೇ ಗೆದ್ದರು. 2024ರ ರಾಜ್ಯಸಭಾ ಚುನಾವಣೆಯ ಮತದಾನಕ್ಕೆ ಗೈರಾದರು. 2025ರಲ್ಲಿ ಪಕ್ಷ ಅವರನ್ನು ಉಚ್ಚಾಟಿಸಿತು.

ಸ್ಯಾದ್ವಾದಿಯು ‘ಈ ಅಪೇಕ್ಷೆಯಿಂದ’ ಎಂದು ತನ್ನ ನಯವನ್ನು ಮೊದಲೇ ತಿಳಿಸುತ್ತಾನೆ. ಇತರ ನಯಗಳನ್ನು ನಿರಾಕರಿಸುವುದಿಲ್ಲ. ಪ್ರಚಾರಭಾಷಣದಲ್ಲಾದರೋ ತಾನು ನಿಂತ ಪಕ್ಷವೇ ಪೂರ್ಣಸತ್ಯ. ಅದು ಏಕಾಂತ. ಎರಡು ಏಕಾಂತಗಳನ್ನು ಒಂದರ ಹಿಂದೊಂದು ನುಡಿದರೆ ಅನೇಕಾಂತವಾಗದು.

ಇದಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಅಕಲಂಕದೇವರ ತರ್ಕವನ್ನು ಸೂತ್ರರೂಪಕ್ಕೆ ತಂದ ಮಾಣಿಕ್ಯನಂದಿಯ ‘ಪರೀಕ್ಷಾಮುಖ’ವು, ವಿಪಕ್ಷದಲ್ಲಿಯೂ ವಿರೋಧವಿಲ್ಲದೆ ನೆಲಸುವ ಹೇತುವನ್ನು ‘ಅನೈಕಾಂತಿಕ’ವೆಂಬ ಹೇತ್ವಾಭಾಸವಾಗಿ ಗಣಿಸುತ್ತದೆ. ಪಕ್ಷಾಂತರಕ್ಕೆ ಸಾಮಾನ್ಯವಾಗಿ ಮುಂದಿಡುವ ‘ಕ್ಷೇತ್ರದ ಅಭಿವೃದ್ಧಿ’ ಅಂಥದೇ ಹೇತು: ಪಕ್ಷದಲ್ಲಿ ಉಳಿಯಲೂ ಅದೇ, ತೊರೆಯಲೂ ಅದೇ. ಎರಡನ್ನೂ ಸಾಧಿಸಹೊರಟ ಹೇತು ಯಾವುದನ್ನೂ ಸಾಧಿಸದು.

ನಿಲುವು ಬದಲಿಸುವುದೇ ದೋಷವಲ್ಲ. ಆದರೆ ಬದಲಿಸಿದವರು ತಮ್ಮ ಹಿಂದಿನ ಮಾತು ಎಲ್ಲಿ ತಪ್ಪಿತ್ತೆಂಬುದನ್ನು ಅದನ್ನು ನಂಬಿ ಮತವಿತ್ತವರ ಮುಂದೆ ಹೇಳಬೇಕು. ಹೇಳಲಾರದವರಿಗೆ ಅನೇಕಾಂತದ ಆಸರೆಯಿಲ್ಲ.